ಕೊನೆಯ ಚೂರು ಗುಳಿಗೆ

ಖಿನ್ನತೆಯ ಗುಳಿಗೆ ಬಿಡಬೇಕೆಂಬ ನಿರ್ಧಾರವನ್ನು ಧಾರವಾಡ ಜಿಲ್ಲೆಯ ದುಮ್ಮವಾಡದಂಥ ಊರಿನಲ್ಲಿ ಸಾಮಾನ್ಯವಾಗಿ ಯಾರೂ ಕೂತು ಮಾಡುವುದಿಲ್ಲ. ಅದು ತಾನಾಗಿ ಆಗಿಹೋಗುತ್ತದೆ. ರೋಹಿಣಿ ಮಳೆ ಬಿದ್ದು ಕೂರಿಗೆ ಹೂಡುವ ವಾರದಲ್ಲೇ ಪಟ್ಟಿಯ ಕೊನೆಯ ಗುಳಿಗೆ ಮುಗಿದಿರುತ್ತದೆ. ಭತ್ತ ಬಿತ್ತುವುದು ಬಿಟ್ಟು ಒಂದು ಪಟ್ಟಿ ಗುಳಿಗೆಗಾಗಿ ಕಲಘಟಗಿಗೋ ಹುಬ್ಬಳ್ಳಿಗೋ ಬಸ್ಸು ಹತ್ತುವವರು ಯಾರು? ಶ್ರಾವಣ ಬಂದರೆ ಉಪವಾಸ, ಖಾಲಿ ಹೊಟ್ಟೆಗೆ ಗುಳಿಗೆ ಬೇಡವೆಂಬ ಮಾತು. ಬೇಸಿಗೆಯಲ್ಲಿ ‘ಗುಳಗಿ ಭಾಳ ಉಷ್ಣ ಆತು’ ಎಂಬ ತಕರಾರು. ಮಗಳ ಮದುವೆ ಗೊತ್ತಾದರೆ ಬೀಗರ ಕಣ್ಣಿಗೆ ಚೀಟಿ ಬಿದ್ದೀತೆಂಬ ಅಂಜಿಕೆ. ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಈಗ ಆರಾಮಾಗಿದೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ಹೊಲದ ಕೆಲಸದಲ್ಲಿ ಮನಸ್ಸು ನಿಂತಿದೆ. ಆರಾಮಾದ ಮೇಲೆ ಗುಳಿಗೆ ಯಾತಕ್ಕೆ?

ಎಸಿಟಲೋಪ್ರಾಮ್ 10 ಮಿಲಿಗ್ರಾಂ ಗುಳಿಗೆಯನ್ನು ಎಂಟು ತಿಂಗಳು ತಪ್ಪದೆ ನುಂಗಿ, ಒಂದು ಭಾನುವಾರ ಥಟ್ಟನೆ ನಿಲ್ಲಿಸಿದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳೋಣ. ಸೋಮವಾರ ಏನೂ ಆಗುವುದಿಲ್ಲ. ಮಂಗಳವಾರ ಸ್ವಲ್ಪ ತಲೆಭಾರ. ಬುಧವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಿ, ಯಾರೋ ಕರೆದರೆಂದು ಪಕ್ಕಕ್ಕೆ ನೋಡಿದ್ದೇ ತಡ, ತಲೆಯೊಳಗೆ ಚುರ್ರೆಂದು ಏನೋ ಹರಿದು ಬೆರಳ ತುದಿಯವರೆಗೆ ಇಳಿಯುತ್ತದೆ. ಅರ್ಧ ಕ್ಷಣ ನೆಲ ತಪ್ಪಿದ ಹಾಗೆ. ಆಮೇಲೆ ಏನೂ ಇಲ್ಲ. ಮತ್ತೆ ಕಣ್ಣು ಹೊರಳಿಸಿದರೆ ಮತ್ತೆ ಅದೇ. ‘ತಲ್ಯಾಗ ಕರೆಂಟ್ ಹೊಡದಂಗ ಆಗತೈತ್ರಿ’ ಎಂದು ಆಕೆ ಹೇಳುತ್ತಾಳೆ. ರಾತ್ರಿ ನಿದ್ದೆಯಲ್ಲಿ ಬಣ್ಣಬಣ್ಣದ ಕನಸು, ಮೈಯೆಲ್ಲ ಬೆವರು. ಹಗಲು ವಾಕರಿಕೆ. ಸಣ್ಣ ಮಾತಿಗೆ ಅಳು, ಇನ್ನೂ ಸಣ್ಣ ಮಾತಿಗೆ ಸಿಟ್ಟು.

ಮನೆಯಲ್ಲಿ ಪಂಚಾಯಿತಿ ಸೇರುತ್ತದೆ. ರೋಗ ಮರಳಿ ಬಂತು ಎಂದು ಗಂಡ. ‘ಗುಳಗಿ ಚಟಾ ಹತ್ತೈತಿ, ಅದಕ್ಕ ಹಿಂಗ ಮಾಡತಾಳ’ ಎಂದು ಅತ್ತೆ. ಯಾವುದೋ ಗಾಳಿ ಸೋಕಿದೆ, ತೋರಿಸಿಕೊಂಡು ಬರೋಣ ಎಂದು ಪಕ್ಕದ ಮನೆಯವರು. ಮೂವರಲ್ಲಿ ಯಾರದೂ ಸರಿಯಲ್ಲ. ಆಕೆಗೆ ಆಗುತ್ತಿರುವುದು ಗುಳಿಗೆ ದಿಢೀರನೆ ನಿಂತದ್ದಕ್ಕೆ ನರಮಂಡಲ ತೋರಿಸುತ್ತಿರುವ ಪ್ರತಿಕ್ರಿಯೆ. ವೈದ್ಯರು ಇದನ್ನು ಆರು ದಶಕಗಳಿಂದ ಬಲ್ಲರು. ಬಲ್ಲರು ಎನ್ನುವುದಕ್ಕಿಂತ, ಒಮ್ಮೆ ಕಂಡುಕೊಂಡು ನಡುವೆ ಬಹಳ ಕಾಲ ಮರೆತಿದ್ದರು ಎನ್ನುವುದೇ ಹೆಚ್ಚು ಸರಿ.

ಮೊದಲ ಖಿನ್ನತೆ-ನಿವಾರಕಗಳಲ್ಲೊಂದಾದ ಇಮಿಪ್ರಮಿನ್ ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ. ಸ್ಕಿಜೋಫ್ರೇನಿಯಾಕ್ಕೆಂದು ಗೈಗಿ ಕಂಪನಿ ಕಳಿಸಿದ್ದ ರಾಸಾಯನಿಕ ಆ ರೋಗಕ್ಕೆ ನಾಟಲಿಲ್ಲ. ಅಲ್ಲಿನ ವೈದ್ಯ ರೋಲಂಡ್ ಕೂನ್ ಅದನ್ನು 1956ರಲ್ಲಿ ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಿದರು. ವಾರಗಳೊಳಗೆ ಮುಖದಲ್ಲಿ ಗೆಲುವು ಕಂಡಿತು. 1957ರಲ್ಲಿ ಕೂನ್ ವರದಿ ಪ್ರಕಟಿಸಿದರು. ಅದಾಗಿ ಎರಡೇ ವರ್ಷಕ್ಕೆ, 1959ರಲ್ಲಿ, ಗುಳಿಗೆ ನಿಲ್ಲಿಸಿದವರಿಗೆ ವಾಂತಿ, ಬೆವರು, ನಿದ್ದೆಗೇಡು ಕಾಣಿಸಿಕೊಳ್ಳುತ್ತಿರುವ ಸುದ್ದಿ ವೈದ್ಯಪತ್ರಿಕೆಗಳಿಗೆ ಬಂತು. 1961ರಲ್ಲಿ ಅಮೆರಿಕದ ಕ್ರೇಮರ್, ಕ್ಲೈನ್ ಮತ್ತು ಫಿಂಕ್ ಇದೇ ವಿಷಯಕ್ಕೆ ಮೀಸಲಾದ ಲೇಖನ ಬರೆದರು. ಅಂದರೆ ಗುಳಿಗೆ ಹುಟ್ಟಿದ ಐದಾರು ವರ್ಷದೊಳಗೇ ಅದನ್ನು ಬಿಡುವ ಕಷ್ಟವೂ ದಾಖಲಾಗಿತ್ತು. ಆದರೆ ಆ ಕಾಲದ ದೊಡ್ಡ ಪ್ರಶ್ನೆ ಗುಳಿಗೆ ಕೆಲಸ ಮಾಡುತ್ತದೆಯೇ ಎಂಬುದು. ಬಿಡುವುದು ಹೇಗೆ ಎಂಬ ಪ್ರಶ್ನೆ ಅಡಿಟಿಪ್ಪಣಿಯಾಗಿ ಉಳಿಯಿತು.

1987ರ ಕೊನೆಗೆ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಪರವಾನಗಿ ಸಿಕ್ಕಿತು. ಪ್ರೊಜ್ಯಾಕ್ ಎಂಬ ಹೆಸರಿನಲ್ಲಿ ಅದು ಲೋಕಪ್ರಸಿದ್ಧವಾಯಿತು. ಬೆನ್ನಿಗೇ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಸಿಟಲೋಪ್ರಾಮ್ ಬಂದವು. ಹಳೆಯವುಗಳಿಗಿಂತ ಅಡ್ಡಪರಿಣಾಮ ಕಡಿಮೆ, ಹೃದಯಕ್ಕೆ ಅಪಾಯ ಕಡಿಮೆ. ಹೀಗಾಗಿ ಬರೆಯುವವರ ಕೈಯೂ ಧಾರಾಳವಾಯಿತು. ಬಿಡುವ ಕಷ್ಟದ ಬಗ್ಗೆ ಗಟ್ಟಿ ಅಂಕಿ ಸಿಗಲು 1998ರವರೆಗೆ ಕಾಯಬೇಕಾಯಿತು. ರೋಸೆನ್‌ಬಾಮ್ ಮತ್ತು ಸಂಗಡಿಗರು ಈ ಗುಂಪಿನ ಮೂರು ಗುಳಿಗೆಗಳಲ್ಲಿ ಒಂದನ್ನು ತೆಗೆದುಕೊಳ್ಳುತ್ತಿದ್ದ 242 ಜನರಿಗೆ, ಯಾವಾಗ ಎಂದು ತಿಳಿಸದೆ, 5ರಿಂದ 8 ದಿನ ಔಷಧವಿಲ್ಲದ ಸಪ್ಪೆ ಗುಳಿಗೆ ಕೊಟ್ಟರು. ಪ್ಯಾರಾಕ್ಸೆಟಿನ್ ನುಂಗುತ್ತಿದ್ದವರಲ್ಲಿ ಶೇ 66, ಸರ್ಟ್ರಾಲಿನ್‌ನವರಲ್ಲಿ ಶೇ 60 ಜನರಿಗೆ ಗುಳಿಗೆ ನಿಂತದ್ದರಿಂದ ಏಳುವ ಈ ತೊಂದರೆಗಳು, ಅಂದರೆ ಬಿಡುಗಡೆಯ ಲಕ್ಷಣಗಳು, ಕಂಡವು. ಫ್ಲೂಆಕ್ಸೆಟಿನ್‌ನವರಲ್ಲಿ ಶೇ 14 ಮಾತ್ರ. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಫ್ಲೂಆಕ್ಸೆಟಿನ್ ಮಾರುವ ಲಿಲ್ಲಿ ಕಂಪನಿ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಎದುರಾಳಿಯ ಸರಕಿನ ಹುಳುಕು ಹುಡುಕಲು ಹೊರಟವರಿಂದ ವಿಜ್ಞಾನಕ್ಕೆ ಲಾಭವಾದದ್ದು ಇದೊಂದೇ ಸಲವೇನಲ್ಲ. ಅಂಕಿ ಮಾತ್ರ ಗಟ್ಟಿ. ಆಮೇಲಿನ ಅಧ್ಯಯನಗಳಲ್ಲೂ ಗುಳಿಗೆಗಳ ನಡುವಿನ ಈ ವ್ಯತ್ಯಾಸ ಉಳಿದುಕೊಂಡಿತು.

ವ್ಯತ್ಯಾಸಕ್ಕೆ ಕಾರಣ ಸರಳ. ಗುಳಿಗೆ ರಕ್ತದಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದರ ಮೇಲೆ ಅದು ಬಹುಮಟ್ಟಿಗೆ ನಿಂತಿದೆ. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಬೇಕಾದ ಹೊತ್ತನ್ನು ಅರ್ಧಾಯುಷ್ಯ ಎನ್ನುತ್ತಾರೆ. ಎಸಿಟಲೋಪ್ರಾಮ್‌ನದು ಸುಮಾರು 30 ಗಂಟೆ. ಹೀಗಾಗಿ ಭಾನುವಾರ ನಿಲ್ಲಿಸಿದವರ ಮೈಯಲ್ಲಿ ಬುಧವಾರದ ಹೊತ್ತಿಗೆ ಐದರಲ್ಲೊಂದು ಪಾಲಷ್ಟೇ ಉಳಿದಿರುತ್ತದೆ. ನಲ್ಲಿಯ ಹತ್ತಿರ ಕರೆಂಟು ಹೊಡೆದ ದಿನ ಅದೇ. ಪ್ಯಾರಾಕ್ಸೆಟಿನ್‌ಗೆ ಸುಮಾರು 21 ಗಂಟೆ. ಇನ್ನೊಂದು ಖಿನ್ನತೆ-ನಿವಾರಕವಾದ ವೆನ್ಲಾಫ್ಯಾಕ್ಸಿನ್‌ಗೆ ಬರೀ 5 ಗಂಟೆ, ಅದು ಮೈಯಲ್ಲಿ ಕರಗಿ ಆಗುವ ಇನ್ನೊಂದು ರೂಪಕ್ಕೆ ಸುಮಾರು 11 ಗಂಟೆ. ಬೆಳಗಿನ ಗುಳಿಗೆ ಮರೆತರೆ ಸಂಜೆಗೇ ತಲೆ ತಿರುಗುವುದು ಈ ವೆನ್ಲಾಫ್ಯಾಕ್ಸಿನ್‌ನವರಿಗೆ. ಫ್ಲೂಆಕ್ಸೆಟಿನ್ ಇವಕ್ಕೆಲ್ಲ ಹೊರತು. ಬಹುಕಾಲ ನುಂಗಿದವರಲ್ಲಿ ಅದರ ಅರ್ಧಾಯುಷ್ಯವೇ 4ರಿಂದ 6 ದಿನ. ಯಕೃತ್ತಿನಲ್ಲಿ ಅದರಿಂದ ಹುಟ್ಟುವ ನಾರ್‌ಫ್ಲೂಆಕ್ಸೆಟಿನ್ ಇನ್ನೂ ನಿಧಾನ, 16 ದಿನದವರೆಗೂ ಹೋಗಬಹುದು. ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಇದ್ದು ಮೆಲ್ಲಗೆ ಹೊರಡುತ್ತದೆ. ಪಟ್ಟಿ ಮುಗಿದು ಸಂತೆಯವರೆಗೆ ಕಾಯುವವರ ಊರಿಗೆ ಇಂಥ ಗುಳಿಗೆ ಹೆಚ್ಚು ಒಗ್ಗುತ್ತದೆ ಎಂದು ಯಾರಾದರೂ ಹೇಳಿದರೆ ಅದರಲ್ಲಿ ತಪ್ಪಿಲ್ಲ. ಸರಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಫ್ಲೂಆಕ್ಸೆಟಿನ್ ಇದೆ, ಬೆಲೆಯೂ ದೊಡ್ಡದಲ್ಲ.

ಇನ್ನು ಮಿದುಳಿನೊಳಗೆ ನಡೆಯುವುದು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಸುದ್ದಿ ಮುಟ್ಟಿದ ಮೇಲೆ ಅದನ್ನು ಮರಳಿ ಒಳಗೆಳೆದುಕೊಳ್ಳಲು ಕೋಶದ ಗೋಡೆಯಲ್ಲಿ ಒಂದು ಸಾಗಣೆ ಪ್ರೋಟೀನ್ ಇದೆ. ಗುಳಿಗೆ ಈ ಪ್ರೋಟೀನಿಗೆ ಅಡ್ಡಗಾಲು ಹಾಕುತ್ತದೆ. ಸೆರೊಟೋನಿನ್ ಎರಡು ಕೋಶಗಳ ನಡುವೆ ಹೆಚ್ಚು ಹೊತ್ತು ನಿಲ್ಲುತ್ತದೆ. ತಿಂಗಳುಗಟ್ಟಲೆ ಹೀಗಾದಾಗ ಮಿದುಳು ಸುಮ್ಮನಿರುವುದಿಲ್ಲ. ಆ ಹೆಚ್ಚುವರಿಗೆ ತಕ್ಕಂತೆ ಗ್ರಾಹಕಗಳ ಸಂಖ್ಯೆಯನ್ನೂ ಚುರುಕನ್ನೂ ಇಳಿಸಿಕೊಂಡು ಹೊಸ ಹೊಂದಾಣಿಕೆಗೆ ಬರುತ್ತದೆ. ಗುಳಿಗೆ ಥಟ್ಟನೆ ನಿಂತರೆ ಸೆರೊಟೋನಿನ್ ದಿನಗಳಲ್ಲಿ ಹಳೆಯ ಮಟ್ಟಕ್ಕೆ ಇಳಿಯುತ್ತದೆ, ಆದರೆ ಗ್ರಾಹಕಗಳು ಮೊದಲಿನಂತಾಗಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳೇ ಬೇಕು. ನಡುವಿನ ಈ ಅಂತರದಲ್ಲೇ ಎಲ್ಲ ಕಿರಿಕಿರಿ. ತಲೆಯ ಕರೆಂಟಿನ ನಿಖರ ಮೂಲ ವಿಜ್ಞಾನಿಗಳಿಗೆ ಇನ್ನೂ ಸಿಕ್ಕಿಲ್ಲ. ಕಣ್ಣುಗುಡ್ಡೆ ಪಕ್ಕಕ್ಕೆ ಹೊರಳಿದಾಗ ಅದು ಬರುತ್ತದೆಂಬುದನ್ನು ಸಂಶೋಧಕರು ಗಮನಿಸಿ ಬರೆದದ್ದೂ ಇತ್ತೀಚೆಗೆ. ಅನುಭವಿಸಿದವರು ಅದನ್ನು ಮೊದಲಿನಿಂದ ಹೇಳುತ್ತಲೇ ಇದ್ದರು, ಕೇಳಿಸಿಕೊಂಡವರು ಕಡಿಮೆ.

ಅತ್ತೆಯ ‘ಚಟ’ದ ಮಾತಿಗೆ ಬರೋಣ. ಸಾರಾಯಿ, ತಂಬಾಕಿನ ಚಟ ಇರುವವನಿಗೆ ಅದರ ಹಂಬಲ ಕಾಡುತ್ತದೆ, ದಿನೇದಿನೇ ಪ್ರಮಾಣ ಏರುತ್ತದೆ, ಮನೆ ಮಾರಿಯಾದರೂ ಅದು ಬೇಕು. ಎಸಿಟಲೋಪ್ರಾಮ್ ನುಂಗುವವರು ಯಾರೂ ಒಂದರ ಬದಲು ಎರಡು ಬೇಕೆಂದು ಅಂಗಡಿ ಸುತ್ತುವುದಿಲ್ಲ. ಹೆಚ್ಚಿನವರಿಗೆ ಅದು ನುಂಗುವುದೇ ಮರೆತುಹೋಗುತ್ತದೆ. ಮೈ ಒಗ್ಗಿಕೊಂಡಿದೆ ಎಂಬುದು ಮಾತ್ರ ನಿಜ. ರಕ್ತದೊತ್ತಡದ ಕೆಲವು ಗುಳಿಗೆಗಳನ್ನೂ ಹೀಗೇ ದಿಢೀರನೆ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ. ಅದನ್ನು ಯಾರೂ ಚಟ ಎನ್ನುವುದಿಲ್ಲ.

ಆದರೆ ಇಲ್ಲೊಂದು ಎಚ್ಚರ. ನಮ್ಮ ದೇಶದ ಔಷಧ ಅಂಗಡಿಗಳಲ್ಲಿ ಎಸಿಟಲೋಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡನ್ನೂ ಕೂಡಿಸಿದ ಒಂದೇ ಗುಳಿಗೆ ಹೇರಳವಾಗಿ ಮಾರಾಟವಾಗುತ್ತದೆ. ನುಂಗುವವರಿಗೆ ಅದು ಒಂದು ಗುಳಿಗೆ, ಮೈಗೆ ಎರಡು. ಕ್ಲೊನಾಜೆಪಾಮ್ ಬೇರೆಯೇ ಜಾತಿ: ನಿದ್ದೆಗೂ ಗಾಬರಿಗೂ ಕೊಡುವ ಬೆಂಜೊಡಯಜೆಪಿನ್. ಅದಕ್ಕೆ ಹಂಬಲವೂ ಹುಟ್ಟಬಹುದು, ಪ್ರಮಾಣವೂ ಏರಬಹುದು. ಬಹುಕಾಲ ನುಂಗಿ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಇಂಥ ಜೋಡಿ ಗುಳಿಗೆ ಬಿಟ್ಟು ನಿದ್ದೆಯಿಲ್ಲದೆ ಕೈನಡುಗುತ್ತ ಕೂತವರಿಗೆ ಆಗುತ್ತಿರುವುದು ಯಾವುದರಿಂದ ಎಂದು ಬಿಡಿಸಿ ಹೇಳುವುದು ವೈದ್ಯರಿಗೂ ಕಷ್ಟ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿದ್ದರೆ, ಎರಡನ್ನೂ ಬೇರೆಬೇರೆ ಮಾಡಿಸಿಕೊಂಡು ಒಂದಾದ ಮೇಲೆ ಒಂದು ಇಳಿಸುವುದೇ ದಾರಿ.

ಇನ್ನೊಂದು ಗುಳಿಗೆ ಖಿನ್ನತೆಯ ಹೆಸರೇ ಎತ್ತದೆ ಮನೆ ಸೇರಿರುತ್ತದೆ: ಅಮಿಟ್ರಿಪ್ಟಿಲಿನ್. ಇಮಿಪ್ರಮಿನ್‌ನ ಹತ್ತಿರದ ಸಂಬಂಧಿ. ಅರೆತಲೆನೋವು ಬರದಂತೆ ತಡೆಯಲು, ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿಗೆ, ಬೆನ್ನುನೋವಿಗೆ 10 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಲ್ಲಿ ಇದನ್ನು ಕೊಡುತ್ತಾರೆ. ‘ನರದ ಗುಳಗಿ’ ಎಂದಷ್ಟೇ ಗೊತ್ತಿರುವ ರೈತ ಅದನ್ನು ವರ್ಷಗಟ್ಟಲೆ ನುಂಗಿ ಒಂದು ದಿನ ಬಿಡುತ್ತಾನೆ. ಈ ಗುಳಿಗೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕವನ್ನೂ ತಡೆದಿಟ್ಟಿರುತ್ತದೆ. ತಡೆ ಹೋದೊಡನೆ ಅದು ಮೇಲೆದ್ದು ಹೊಟ್ಟೆ ತೊಳಸುವುದು, ಭೇದಿ, ಬೆವರು, ನಿದ್ದೆಗೇಡು ಕಾಣುತ್ತವೆ. ಆತ ಹೋಗುವುದು ಹೊಟ್ಟೆಯ ಡಾಕ್ಟರ ಹತ್ತಿರ, ಅಥವಾ ನಿನ್ನೆ ತಿಂದ ಮಿರ್ಚಿಯನ್ನು ಬೈಯುತ್ತಾನೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಈ ಪ್ರಶ್ನೆಗೆ 2018ರಿಂದ ಐದಾರು ವರ್ಷ ಬ್ರಿಟನ್, ಜರ್ಮನಿಗಳಲ್ಲಿ ದೊಡ್ಡ ಜಗಳವೇ ನಡೆಯಿತು. 2018ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್‌ನ ಮುಖ್ಯಸ್ಥರು ಬಹುಪಾಲು ರೋಗಿಗಳಲ್ಲಿ ಈ ತೊಂದರೆ ಎರಡು ವಾರದಲ್ಲಿ ಮುಗಿಯುತ್ತದೆ ಎಂದು ಪತ್ರಿಕೆಗೆ ಬರೆದರು. ಅನುಭವಿಸಿದವರು ತಿರುಗಿಬಿದ್ದರು. 2019ರಲ್ಲಿ ಡೇವಿಸ್ ಮತ್ತು ರೀಡ್ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಶೇ 56 ಜನರಿಗೆ ತೊಂದರೆಯಾಗುತ್ತದೆ ಎಂದರು. ಅದೇ ವರ್ಷ ರಾಯಲ್ ಕಾಲೇಜು ತನ್ನ ನಿಲುವು ಬದಲಿಸಿ, ಕೆಲವರಲ್ಲಿ ತೊಂದರೆ ತೀವ್ರವಾಗಿಯೂ ದೀರ್ಘವಾಗಿಯೂ ಇರಬಹುದೆಂದು ಒಪ್ಪಿಕೊಂಡಿತು. 2024ರಲ್ಲಿ ಜರ್ಮನಿಯ ಹೆನ್ಸ್ಲರ್ ತಂಡ 79 ಅಧ್ಯಯನಗಳ 21,000ದಷ್ಟು ಜನರ ಲೆಕ್ಕ ತೆಗೆಯಿತು. ನಿಜವಾದ ಗುಳಿಗೆ ಬಿಟ್ಟವರಲ್ಲಿ ಶೇ 31 ಜನರಿಗೆ ಏನಾದರೊಂದು ಲಕ್ಷಣ, ಸಪ್ಪೆ ಗುಳಿಗೆ ಬಿಟ್ಟವರಲ್ಲೂ ಶೇ 17 ಜನರಿಗೆ! ಏನೋ ಆಗುತ್ತದೆಂದು ನಿರೀಕ್ಷಿಸುತ್ತ ಕೂತವರಿಗೆ ಏನಾದರೂ ಆಗಿಯೇ ತೀರುತ್ತದೆ. ಅದನ್ನು ಕಳೆದರೆ ಗುಳಿಗೆಯ ಲೆಕ್ಕಕ್ಕೆ ಬರುವುದು ಸುಮಾರು ಆರೇಳು ಜನರಲ್ಲಿ ಒಬ್ಬರು. ತೀವ್ರ ತೊಂದರೆ ಶೇ 3ರಷ್ಟು ಜನರಿಗೆ. ಟೀಕಾಕಾರರು ಸುಮ್ಮನಾಗಲಿಲ್ಲ. ಈ ಅಧ್ಯಯನಗಳಲ್ಲಿ ಹಲವು ಕೆಲವೇ ವಾರ ಗುಳಿಗೆ ನುಂಗಿದವರ ಮೇಲೆ ನಡೆದವು, ವರ್ಷಗಟ್ಟಲೆ ನುಂಗಿದವರ ಪಾಡು ಬೇರೆ ಎಂಬುದು ಅವರ ವಾದ. ಆ ಮಾತಿನಲ್ಲಿ ಹುರುಳಿದೆ. ಶೇ 3 ಎಂಬುದೂ ಕೇಳಲು ಚಿಕ್ಕದು. ಕೋಟ್ಯಂತರ ಜನ ನುಂಗುವ ಗುಳಿಗೆಯಲ್ಲಿ ಅದು ಲಕ್ಷಗಟ್ಟಲೆ ಮನೆಗಳ ಮಾತು.

ಈ ಜಗಳದಿಂದ ಒಂದು ಉಪಕಾರವಾಯಿತು: ಬಿಡುವುದು ಹೇಗೆ ಎಂಬುದಕ್ಕೆ ಲೆಕ್ಕ ಸಿಕ್ಕಿತು. ಲೆಕ್ಕ ಕೊಟ್ಟವರಲ್ಲಿ ಮುಖ್ಯರು ಮಾರ್ಕ್ ಹೊರೊವಿಟ್ಜ್. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಖಿನ್ನತೆ-ನಿವಾರಕಗಳ ಬಗ್ಗೆಯೇ ಪಿಎಚ್.ಡಿ. ಮಾಡಿದವರು. ಸ್ವತಃ ಎಸಿಟಲೋಪ್ರಾಮ್ ನುಂಗುತ್ತಿದ್ದು, ಬಿಡಲು ಹೋಗಿ ಪಟ್ಟ ಪಾಡನ್ನು ಬಹಿರಂಗವಾಗಿ ಹೇಳಿಕೊಂಡವರು. ಪುಸ್ತಕದಲ್ಲಿ ಓದಿದ್ದಕ್ಕೂ ಮೈಮೇಲೆ ಬಂದದ್ದಕ್ಕೂ ತಾಳೆಯಾಗದೆ ಅವರು ಮಿದುಳಿನ ಸ್ಕ್ಯಾನ್ ಅಧ್ಯಯನಗಳನ್ನು ಮತ್ತೆ ತೆರೆದರು. 2019ರಲ್ಲಿ ಡೇವಿಡ್ ಟೇಲರ್ ಜೊತೆ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬರೆದ ಲೇಖನದ ತಿರುಳು ಇಷ್ಟು. ಸಿಟಲೋಪ್ರಾಮ್ 20 ಮಿಲಿಗ್ರಾಂ ನುಂಗಿದರೆ ಆ ಸಾಗಣೆ ಪ್ರೋಟೀನುಗಳಲ್ಲಿ ಸುಮಾರು ಶೇ 80 ಮುಚ್ಚಿರುತ್ತವೆ. ಪ್ರಮಾಣವನ್ನು ಅರ್ಧಕ್ಕೆ, 10ಕ್ಕೆ ಇಳಿಸಿದರೆ ಮುಚ್ಚಿರುವ ಪಾಲು ಅರ್ಧವಾಗುವುದಿಲ್ಲ. ಶೇ 70ರ ಆಸುಪಾಸಿನಲ್ಲೇ ನಿಲ್ಲುತ್ತದೆ. 5ಕ್ಕೆ ಇಳಿಸಿದರೂ ಶೇ 60ಕ್ಕೆ ಸ್ವಲ್ಪ ಕಡಿಮೆ, ಅಷ್ಟೆ. ಆ 5ರಿಂದ ಸೊನ್ನೆಗೆ ಹೋದರೆ? ಉಳಿದ ಶೇ 60ರಷ್ಟೂ ಒಂದೇ ಏಟಿಗೆ ಕುಸಿಯುತ್ತದೆ.

ದುಮ್ಮವಾಡದ ಹತ್ತಿರದ ನೀರಸಾಗರವನ್ನು ಕಂಡವರಿಗೆ ಇದು ಬೇಗ ಹತ್ತುತ್ತದೆ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ತುಂಬಿದಾಗ ನೀರಿನ ಹರಹು ದೊಡ್ಡದು. ಎಷ್ಟು ನೀರು ಎತ್ತಿದರೂ ದಂಡೆಯ ಗುರುತಿನಲ್ಲಿ ಎರಡು ಬೆರಳು ಇಳಿದಂತೆ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರು ತಳದ ಇಕ್ಕಟ್ಟಿಗೆ ಸರಿದಾಗ ಅಷ್ಟೇ ನೀರು ಎತ್ತಿ ನೋಡಿ, ಒಂದೇ ದಿನದಲ್ಲಿ ಕೆಸರು ಕಾಣುತ್ತದೆ. ಗುಳಿಗೆಯ ಮಿಲಿಗ್ರಾಂ ಎತ್ತಿದ ನೀರಿನ ಲೆಕ್ಕ, ಮಿದುಳಿನ ಮೇಲಿನ ಪರಿಣಾಮ ನೀರಿನ ಮಟ್ಟದ ಲೆಕ್ಕ. ಮೇಲಿನ ಅರ್ಧ ಇಳಿಸುವುದು ಸುಲಭ. ಕೊನೆಯ ಚೂರೇ ಕಠಿಣ.

ನಾವು ಇಷ್ಟು ದಿನ ಮಾಡಿಕೊಂಡು ಬಂದದ್ದು ಇದಕ್ಕೆ ತದ್ವಿರುದ್ಧ. ‘ಎರಡು ವಾರ ಅರ್ಧ ಗುಳಿಗೆ, ಆಮೇಲೆ ಬಿಟ್ಟುಬಿಡಿ’ ಎನ್ನುವುದು ರೂಢಿ. ಮೊದಲ ಅರ್ಧ ಸಲೀಸಾಗಿ ಇಳಿದದ್ದರಿಂದ ರೋಗಿಗೂ ವೈದ್ಯರಿಗೂ ಧೈರ್ಯ ಬಂದಿರುತ್ತದೆ. ಉಳಿದರ್ಧ ಬಿಟ್ಟ ವಾರದಲ್ಲಿ ಬಿರುಗಾಳಿ ಏಳುತ್ತದೆ. ಅರ್ಧ ಗುಳಿಗೆಗೆ ಏನೂ ಆಗಲಿಲ್ಲ, ಈಗ ಹೀಗೇಕೆ, ರೋಗವೇ ಮರಳಿರಬೇಕು ಎಂಬ ತೀರ್ಮಾನಕ್ಕೆ ಇಬ್ಬರೂ ಬರುತ್ತಾರೆ. ಹೊಸ ಚೀಟಿ, ಮತ್ತೆ ಪೂರ್ತಿ ಗುಳಿಗೆ, ಇನ್ನೂ ಎರಡು ವರ್ಷ. ಹೊರೊವಿಟ್ಜ್ ಮತ್ತು ಟೇಲರ್ ಹೇಳಿದ್ದು, ಪ್ರತಿ ಹಂತದಲ್ಲಿ ಆಗ ನುಂಗುತ್ತಿರುವ ಪ್ರಮಾಣದ ಒಂದು ಪಾಲನ್ನಷ್ಟೇ ಕಡಿಮೆ ಮಾಡಬೇಕು. ಕೆಳಗಿಳಿದಂತೆ ಹೆಜ್ಜೆಯೂ ಚಿಕ್ಕದಾಗುತ್ತ ಹೋಗಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಇದೇ ದಾರಿ ಹಿಡಿಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಪೀಟರ್ ಗ್ರೂಟ್ ಮತ್ತು ಜಿಮ್ ವಾನ್ ಓಸ್ ಎಂಬವರು ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಕಡಿಮೆಯಾಗುವ ಗುಳಿಗೆಗಳನ್ನು 28 ದಿನಕ್ಕೊಂದು ಪಟ್ಟಿಯಂತೆ ಸರವಾಗಿ ಪೊಟ್ಟಣ ಕಟ್ಟಿಸಿದರು.

ಕಲಘಟಗಿಯ ಅಂಗಡಿಯಲ್ಲಿ ಅಂಥ ಸರ ಸಿಗುವುದಿಲ್ಲ. ಸಿಗುವುದು 5, 10, 20ರ ಗುಳಿಗೆ. ಹೀಗಾಗಿ ಕೆಲಸವೆಲ್ಲ ಶೇವಿಂಗ್ ಬ್ಲೇಡಿನ ಪಾಲಿಗೆ. ಸ್ಟೀಲಿನ ತಟ್ಟೆಯ ಮೇಲೆ 5 ಮಿಲಿಗ್ರಾಂ ಗುಳಿಗೆ ಇಟ್ಟು, ನಡುವಿನ ಗೀರಿಗೆ ಬ್ಲೇಡು ಹೊಂದಿಸಿ ಒತ್ತಿದರೆ ಒಂದರ್ಧ ಅಲ್ಲೇ ಇರುತ್ತದೆ, ಇನ್ನೊಂದು ಹಾರಿ ಒಲೆಯ ಬದಿಗೆ ಬಿದ್ದಿರುತ್ತದೆ. ಕಾಲು ಮಾಡಲು ಹೋದರೆ ಪುಡಿ. ಗುಳಿಗೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಹೆಚ್ಚಲ್ಲ. ಬೆರಳೂ ಉಳಿಯುತ್ತದೆ, ಗುಳಿಗೆಯೂ. ಆದರೆ ನಿಧಾನವಾಗಿ ಕರಗಲೆಂದು ಮಾಡಿದ ಗುಳಿಗೆಗಳನ್ನು, ಹೆಸರಿನ ಮುಂದೆ ಎಕ್ಸ್‌ಆರ್, ಎಸ್‌ಆರ್, ಸಿಆರ್ ಎಂದು ಬರೆದಿರುವುವನ್ನು, ಕತ್ತರಿಸುವ ಹಾಗಿಲ್ಲ. ಕತ್ತರಿಸಿದರೆ ದಿನವಿಡೀ ಇಳಿಯಬೇಕಾದ ಔಷಧ ಒಮ್ಮೆಲೇ ಇಳಿಯುತ್ತದೆ. ಮನೆಯವರು ಸೂಚಿಸುವ ಇನ್ನೊಂದು ಉಪಾಯ ದಿನ ಬಿಟ್ಟು ದಿನ ನುಂಗುವುದು. ಫ್ಲೂಆಕ್ಸೆಟಿನ್ ಒಂದನ್ನು ಬಿಟ್ಟರೆ ಉಳಿದವುಗಳಿಗೆ ಇದು ಸಲ್ಲದು. ಅರ್ಧಾಯುಷ್ಯ ಒಂದು ದಿನದ್ದಾದರೆ, ದಿನ ಬಿಟ್ಟು ದಿನ ನುಂಗುವುದೆಂದರೆ ಮಿದುಳನ್ನು ಎರಡು ದಿನಕ್ಕೊಮ್ಮೆ ಎತ್ತಿ ಇಳಿಸಿದಂತೆ. ಬಿಡಲು ತೀರ ಕಷ್ಟವಾದವರನ್ನು ಕೆಲವು ವೈದ್ಯರು ಫ್ಲೂಆಕ್ಸೆಟಿನ್‌ಗೆ ಬದಲಿಸಿ, ಅದರ ಮೂಲಕ ಇಳಿಸುವುದುಂಟು. ಇದನ್ನು ಮನೆಯಲ್ಲಿ ತಾವಾಗಿ ಮಾಡುವ ಹಾಗಿಲ್ಲ; ಎರಡರ ಪರಿಣಾಮ ಕೂಡಿಕೊಂಡು ಬೇರೆ ಅಪಾಯವಾದೀತು.

ರೋಗ ಮರಳಿತೋ ಬಿಡುಗಡೆಯ ಲಕ್ಷಣವೋ ಎಂಬ ಗಂಡನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ರೋಗ ನಿಜವಾಗಿಯೂ ಮರಳಬಹುದು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಆಂಟ್ಲರ್ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಬಹುಕಾಲ ಗುಳಿಗೆ ನುಂಗಿ, ಇನ್ನು ಬಿಡಬಹುದು ಎನ್ನುವಷ್ಟು ಆರಾಮಾಗಿದ್ದ 478 ಜನರನ್ನು ಎರಡು ಗುಂಪು ಮಾಡಿದರು. ಗುಳಿಗೆ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಶೇ 39 ಜನರಿಗೆ ಖಿನ್ನತೆ ಮರುಕಳಿಸಿತು, ಹಂತಹಂತವಾಗಿ ಬಿಟ್ಟವರಲ್ಲಿ ಶೇ 56 ಜನರಿಗೆ. ಇದನ್ನು ಎರಡು ಕಡೆಯಿಂದಲೂ ಓದಬೇಕು. ಬಿಟ್ಟರೆ ಅಪಾಯ ಏರುತ್ತದೆ, ನಿಜ. ಬಿಟ್ಟವರಲ್ಲಿ ನೂರಕ್ಕೆ 44 ಜನ ವರ್ಷವಿಡೀ ಚೆನ್ನಾಗಿದ್ದರು ಎಂಬುದೂ ಅಷ್ಟೇ ನಿಜ.

ಎರಡನ್ನೂ ಬೇರ್ಪಡಿಸಲು ವೈದ್ಯರು ನೋಡುವುದು ಮುಖ್ಯವಾಗಿ ಕಾಲವನ್ನು. ಬಿಡುಗಡೆಯ ಲಕ್ಷಣ ಸಾಮಾನ್ಯವಾಗಿ ದಿನಗಳಲ್ಲಿ ಬರುತ್ತದೆ, ಅಲೆಅಲೆಯಾಗಿ ಏರಿಳಿಯುತ್ತದೆ. ಖಿನ್ನತೆ ವಾರ, ತಿಂಗಳುಗಳಲ್ಲಿ ಮೆಲ್ಲಗೆ ಕವಿಯುತ್ತದೆ. ತಲೆಯ ಕರೆಂಟು, ತಿರುಗು, ಬಣ್ಣದ ಕನಸುಗಳಂಥವು ಮೊದಲಿನ ರೋಗದಲ್ಲಿ ಇರಲಿಲ್ಲ. ಬಿಟ್ಟ ಗುಳಿಗೆಯನ್ನು ಮತ್ತೆ ಆರಂಭಿಸಿದರೆ ಬಿಡುಗಡೆಯ ಲಕ್ಷಣ ಒಂದೆರಡು ದಿನಗಳಲ್ಲೇ ಇಳಿಯುತ್ತದೆ. ಮರಳಿದ ಖಿನ್ನತೆ ಇಳಿಯಲು ವಾರಗಳೇ ಬೇಕು. ಈ ಲೆಕ್ಕ ಹಾಕಲು ವೈದ್ಯರಿಗೆ ಒಂದು ಸಂಗತಿ ಗೊತ್ತಿರಬೇಕು: ಕೊನೆಯ ಗುಳಿಗೆ ನುಂಗಿದ್ದು ಯಾವತ್ತು? ಬೈಯುತ್ತಾರೆಂಬ ಹೆದರಿಕೆಗೆ ‘ಬಿಟ್ಟಿಲ್ರೀ ಸಾಹೇಬ್ರ, ದಿನಾ ತಗೋತೇನ್ರಿ’ ಎಂದುಬಿಟ್ಟರೆ ಲೆಕ್ಕವೇ ತಪ್ಪಿ, ಗುಳಿಗೆ ಸಾಲುತ್ತಿಲ್ಲವೆಂದು ಪ್ರಮಾಣ ಏರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲಿ ಬಿಡುವ ವಿದ್ಯೆ ಬೆಳೆಯದಿರುವುದಕ್ಕೆ ಕಾರಣವಿದೆ. ನಮ್ಮ ವ್ಯವಸ್ಥೆಯೆಲ್ಲ ಗುಳಿಗೆಯನ್ನು ಜನರಿಗೆ ಮುಟ್ಟಿಸುವುದಕ್ಕಾಗಿ ಕಟ್ಟಿದ್ದು, ಮತ್ತು ಅದು ಸರಿಯಾದ ಕೆಲಸವೇ ಆಗಿತ್ತು. ಧಾರವಾಡದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ, ಬ್ರಿಟಿಷರ ಕಾಲದಲ್ಲಿ. ಇಂದಿನ ಡಿಮ್ಹಾನ್ಸ್ ಅದರ ಮುಂದುವರಿಕೆ. ಒಂದೂವರೆ ಶತಮಾನ ಜನ ಅದನ್ನು ‘ಹುಚ್ಚರ ದವಾಖಾನಿ’ ಎಂದೇ ಕರೆದು ದೂರ ನಿಂತರು. ಆ ದೂರವನ್ನು ಕಡಿಮೆ ಮಾಡಲು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರ ಹತ್ತಿರವೇ ಗುಳಿಗೆ ಸಿಗುವಂತೆ ಮಾಡಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಅಚ್ಚು. ಆಮೇಲೆ ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ತಜ್ಞರನ್ನು ಕಳಿಸುವ ‘ಮನೋಚೈತನ್ಯ’ ಬಂತು. ಇಷ್ಟಾದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡದ್ದು, ಖಿನ್ನತೆಯಿರುವ ನೂರರಲ್ಲಿ 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು.

ಗುಳಿಗೆಯೇ ಸಿಗದ 85 ಜನರಿರುವಾಗ ಬಿಡುವ ಮಾತೇಕೆ ಎಂದು ಕೇಳಬಹುದು. ಉತ್ತರ ಆ ಹೆಣ್ಣುಮಗಳ ಮನೆಯಲ್ಲಿದೆ. ಬಿಟ್ಟಾಗ ಆದ ಗಾಬರಿ ಆಕೆಯೊಬ್ಬಳಲ್ಲೇ ನಿಲ್ಲುವುದಿಲ್ಲ. ‘ಆ ಗುಳಗಿ ಒಮ್ಮೆ ಹಿಡದ್ರ ಬಿಡಾಕ ಬರಂಗಿಲ್ಲ’ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದರೆ, ನಿಜಕ್ಕೂ ಗುಳಿಗೆ ಬೇಕಾದ ಹತ್ತು ಜನ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. ಆರಂಭದ ದಿನವೇ ವೈದ್ಯರು ‘ಇದನ್ನು ಒಮ್ಮೆಲೇ ಬಿಡಬಾರದು, ಬಿಡುವಾಗ ನಾನೇ ಹೇಳುತ್ತೇನೆ’ ಎಂದು ಒಂದು ಮಾತು ಹೇಳಿ, ಚೀಟಿಯ ಮೇಲೆ ಅದನ್ನೇ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ಗಾಬರಿ ತಪ್ಪುತ್ತದೆ. ಅದಕ್ಕೆ ಬೇಕಾದದ್ದು ಒಂದು ನಿಮಿಷ. ಸಾಲಿನಲ್ಲಿ ನೂರು ಜನ ನಿಂತಿರುವ ಮಂಗಳವಾರ ಆ ಒಂದು ನಿಮಿಷವೇ ದುಬಾರಿ ಎಂಬುದೂ ಸುಳ್ಳಲ್ಲ.

ಯಾವಾಗ ಬಿಡಬಹುದು ಎಂಬುದಕ್ಕೆ ವೈದ್ಯರಲ್ಲಿ ಒಂದು ಸಾಮಾನ್ಯ ಲೆಕ್ಕವಿದೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುತ್ತಾರೆ. ಎರಡು ಮೂರು ಸಲ ಬಂದುಹೋದವರಿಗೆ ವರ್ಷಗಳು. ಬಿಡುವ ಕಾಲವನ್ನೂ ಆರಿಸಿಕೊಳ್ಳಬೇಕು. ಬಿತ್ತನೆಯ ಹೊತ್ತು, ಮದುವೆಯ ತಿಂಗಳು, ಸಾಲದ ಕಂತಿನ ಗಡುವು ಇವುಗಳ ನಡುವೆ ಇಳಿಸಲು ಹೋಗಬಾರದು. ಸುಗ್ಗಿ ಮುಗಿದು ಮೈಗೂ ಮನಸ್ಸಿಗೂ ಬಿಡುವಿರುವ ದಿನಗಳು ಒಳ್ಳೆಯವು. ಪ್ರತಿ ಹೆಜ್ಜೆಗೆ ಎರಡರಿಂದ ನಾಲ್ಕು ವಾರ; ಕಷ್ಟವಾದರೆ ಹಿಂದಿನ ಹೆಜ್ಜೆಗೆ ಮರಳಿ, ಮೈ ನೆಲೆಗೊಂಡ ಮೇಲೆ ಇನ್ನೂ ಚಿಕ್ಕ ಹೆಜ್ಜೆ. ಕೆಲವೇ ವಾರ ನುಂಗಿದವರಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ವರ್ಷಗಟ್ಟಲೆ ನುಂಗಿದವರಿಗೆ ಆರು ತಿಂಗಳು ಹಿಡಿದರೂ ಅವಸರ ಬೇಡ. ತಲೆತಿರುಗು ಇರುವ ದಿನಗಳಲ್ಲಿ ಬೈಕ್ ಓಡಿಸುವುದು, ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವುದು, ಬಾವಿಯ ಕಟ್ಟೆಯಿಂದ ಬಗ್ಗುವುದು ಬೇಡ.

ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯಲ್ಲಿ ಬಸುರಿ, ಬಾಣಂತಿಯರ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಮುಟ್ಟು ನಿಂತದ್ದು ಗೊತ್ತಾದ ದಿನವೇ ಕೂಸಿಗೆ ಏನಾದರೂ ಆದೀತೆಂದು ಗುಳಿಗೆ ಎಸೆಯುವವರು ಅನೇಕರು. ಎಸೆದದ್ದರಿಂದ ಬರುವ ವಾಕರಿಕೆಯನ್ನು ಬಸುರಿನ ವಾಕರಿಕೆ ಎಂದುಕೊಳ್ಳುವುದು ಸುಲಭ. ಅದರ ಹಿಂದೆ ಖಿನ್ನತೆ ಮರಳಿದರೆ ತಾಯಿಗೂ ಕೂಸಿಗೂ ಅದೇ ದೊಡ್ಡ ಅಪಾಯ. ಬಸುರಿನಲ್ಲಿ ಮುಂದುವರಿಸಬಹುದಾದ ಗುಳಿಗೆಗಳೂ ಇವೆ, ಬದಲಿಸಬೇಕಾದವೂ ಇವೆ. ಯಾವುದು ಯಾರಿಗೆ ಎಂಬುದನ್ನು ಹೆರಿಗೆಯ ವೈದ್ಯರೂ ಮನೋವೈದ್ಯರೂ ಕೂಡಿ ಹೇಳಬೇಕು.

ಗುಳಿಗೆ ಬಿಟ್ಟ ದಿನಗಳಲ್ಲಿ ಸಾಯುವ ಯೋಚನೆ ಬಂದರೆ, ರಾತ್ರಿಯೆಲ್ಲ ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತಿದರೆ, ಫಿಟ್ಸ್ ಬಂದರೆ ಮುಂದಿನ ಮಂಗಳವಾರದವರೆಗೆ ಕಾಯುವ ಮಾತಿಲ್ಲ. ಅಂಥ ಹೊತ್ತಿಗೆ ಹತ್ತಿರದ ಆಸ್ಪತ್ರೆಯೇ ಮೊದಲ ನಿಲ್ದಾಣ. ಉಳಿದ ಗೊಂದಲಗಳಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ಫೋನು ಹಚ್ಚುವಾಗ ಪಟ್ಟಿ ಕೈಯಲ್ಲಿರಲಿ. ಅದರ ಹಿಂದೆ ಬರೆದ ಔಷಧದ ಹೆಸರು ಒಂದೋ ಎರಡೋ, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳಿಂದ, ಕೊನೆಯದನ್ನು ನುಂಗಿದ್ದು ಯಾವ ವಾರ ಎಂದು ಆ ಕಡೆಯವರು ಕೇಳುತ್ತಾರೆ.